4294967297: ಆರು ಸಾವಿರ ಭಾಗಾಕಾರದ ಬದಲು ಐದು

ಪ್ರಶ್ನೆ: 4294967297 ಅವಿಭಾಜ್ಯವಲ್ಲ, 641ರಿಂದ ಭಾಗವಾಗುತ್ತದೆ ಎಂದು ಓದಿದೆ. ಅದರ ವರ್ಗಮೂಲ ಸುಮಾರು 65536. ಅಲ್ಲಿಯವರೆಗೆ ಆರು ಸಾವಿರಕ್ಕೂ ಹೆಚ್ಚು ಅವಿಭಾಜ್ಯಗಳಿವೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ 641 ಹೇಗೆ ಸಿಕ್ಕಿತು?

ಉತ್ತರ: ಇದು 2³² + 1. 2ಕ್ಕೆ 1, 2, 4, 8, 16 ಎಂಬ ಘಾತಗಳನ್ನು ಹಾಕಿ 1 ಕೂಡಿಸಿದರೆ 3, 5, 17, 257, 65537 ಬರುತ್ತವೆ, ಐದೂ ಅವಿಭಾಜ್ಯ. ಮುಂದಿನವೂ ಹಾಗೇ ಇರುತ್ತವೆಂದು ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ ಆರನೆಯದನ್ನೇ ಒಡೆದು ತೋರಿಸಿದ: 641 × 6700417.

ಗುಟ್ಟು ಇರುವುದು ಅಪವರ್ತನದ ರೂಪದಲ್ಲಿ. ಒಂದು ಅವಿಭಾಜ್ಯ ‘ಪ’ ಈ ಸಂಖ್ಯೆಯನ್ನು ಭಾಗಿಸಿದರೆ, 2³²ನ್ನು ಅದರಿಂದ ಭಾಗಿಸಿದಾಗ ಶೇಷ −1 (ಪೂರ್ತಿ ಭಾಗವಾಗಲು 1 ಕಡಿಮೆ) ಎಂದಾಯಿತು. ವರ್ಗ ಮಾಡಿ: 2⁶⁴ಕ್ಕೆ ಶೇಷ 1. ಶೇಷ 1 ಬರುವ ಅತಿ ಚಿಕ್ಕ ಘಾತವೂ 64, ಆದ್ದರಿಂದ ಪ − 1 ಎಂಬುದು 64ರ ಗುಣಕವಾಗಿರಲೇಬೇಕು. ಈ ಕೊನೆಯ ಹೆಜ್ಜೆಗೆ ಬೇಕಾದ ಪ್ರಮೇಯ (2ಕ್ಕೆ ಪ − 1 ಘಾತ ಹಾಕಿ ‘ಪ’ದಿಂದ ಭಾಗಿಸಿದರೆ ಶೇಷ 1) ಫರ್ಮಾನದ್ದೇ! ಈಗ 65, 129, 193 ಎಂದು 64 ಕೂಡಿಸುತ್ತ ಹೋಗಿ, ಅವಿಭಾಜ್ಯಗಳನ್ನಷ್ಟೇ ಇಟ್ಟುಕೊಳ್ಳಿ: 193, 257, 449, 577, 641. ಐದನೇ ಭಾಗಾಕಾರಕ್ಕೆ ಕೆಲಸ ಮುಗಿಯಿತು. 64ರ ಬದಲು 128ರ ಗುಣಕವೇ ಬೇಕೆಂದು 19ನೇ ಶತಮಾನದಲ್ಲಿ ಗಣಿತಜ್ಞ ಲ್ಯೂಕಾ ತೋರಿಸಿದ ಮೇಲೆ ಉಳಿಯುವುದು 257 ಮತ್ತು 641 ಮಾತ್ರ. 2³² − 1 = 3 × 5 × 17 × 257 × 65537 ಆದ್ದರಿಂದ 257ರಿಂದ ಭಾಗಿಸಿದರೆ ಶೇಷ 2; ಅದನ್ನೂ ಬಿಡಬಹುದು.

ಭಾಗಾಕಾರವನ್ನೇ ಮಾಡದೆ ತಾಳೆ ನೋಡಬೇಕೆ? 641 = 5 × 2⁷ + 1; 641 = 5⁴ + 2⁴ ಕೂಡ ಹೌದು. 641ರಿಂದ ಭಾಗಿಸುವಾಗ ಮೊದಲನೆಯದರಿಂದ 5 × 2⁷ಕ್ಕೆ ಶೇಷ −1. ಅದರ ನಾಲ್ಕನೇ ಘಾತ 5⁴ × 2²⁸ಕ್ಕೆ ಶೇಷ 1. ಎರಡನೆಯದರ ಪ್ರಕಾರ 5⁴ ಇದ್ದಲ್ಲಿ −2⁴ ಬರೆಯಬಹುದು. ಆಗ −2³²ಕ್ಕೆ ಶೇಷ 1, ಅಂದರೆ 2³² + 1ಕ್ಕೆ ಶೇಷ ಸೊನ್ನೆ.

ಪ್ರಶ್ನೆ: 6700417 ಮತ್ತೆ ಒಡೆಯುವುದಿಲ್ಲವೆಂದು ಹೇಗೆ ಖಚಿತ?

ಉತ್ತರ: ಅದರ ಅಪವರ್ತನಗಳಿಗೂ ಅದೇ 128ರ ನಿಯಮ. ವರ್ಗಮೂಲ 2589ಕ್ಕಿಂತ ಕಡಿಮೆ. ಅಷ್ಟರೊಳಗೆ ಆ ರೂಪದ ಅವಿಭಾಜ್ಯಗಳು 257, 641, 769, 1153, 1409. ಶೇಷಗಳು ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ, ಆದ್ದರಿಂದ ಅವಿಭಾಜ್ಯ. 641ನ್ನು ಇಲ್ಲಿ ಬಿಡಬೇಡಿ. ಒಮ್ಮೆ ಭಾಗಿಸಿದ್ದು ಇನ್ನೊಮ್ಮೆಯೂ ಭಾಗಿಸಬಹುದು.

ಪ್ರಶ್ನೆ: 4294967297ಕ್ಕೆ ಫರ್ಮಾ ಪರೀಕ್ಷೆ (ಆಧಾರವೆಂಬ ಒಂದು ಸಂಖ್ಯೆಗೆ, ಪರೀಕ್ಷಿಸುವ ಸಂಖ್ಯೆಗಿಂತ 1 ಕಡಿಮೆಯ ಘಾತ ಹಾಕಿ ಅದರಿಂದಲೇ ಭಾಗಿಸಿದಾಗ ಶೇಷ 1 ಬರದಿದ್ದರೆ ಅವಿಭಾಜ್ಯವಲ್ಲ) ಮಾಡಲು ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆದೆ. ಒಮ್ಮೆ ಸಂಖ್ಯೆಯೇ 1 ಎಂದು ಬಂತು. ಸರಿಪಡಿಸಿದ ಮೇಲೆ, ಆಧಾರ 2 ಇಟ್ಟಾಗ, ‘ಅವಿಭಾಜ್ಯ’ ಎನ್ನುತ್ತಿದೆ.

ಉತ್ತರ: ಎರಡೂ ಬೇರೆ ಬೇರೆ ದೋಷ. 32 ಬಿಟ್‌ನಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 4294967295. ನಿಮ್ಮದು ಅದಕ್ಕಿಂತ 2 ಹೆಚ್ಚು, ಹಾಗಾಗಿ ಸುತ್ತಿಕೊಂಡು 1 ಆಯಿತು. 64 ಬಿಟ್ ಬಳಸಿ, ಅದೂ ಚಿಹ್ನೆಯಿಲ್ಲದ ವಿಧದ್ದನ್ನು. ಎರಡು ಶೇಷಗಳ ಗುಣಲಬ್ಧ, ಚಿಹ್ನೆಯಿರುವ ವಿಧದ ಮಿತಿಯಾದ 2⁶³ನ್ನು ಸಲೀಸಾಗಿ ದಾಟುತ್ತದೆ.

ಎರಡನೆಯದು ಪ್ರೋಗ್ರಾಮ್‌ನ ತಪ್ಪಲ್ಲ, ಆಧಾರದ ಆಯ್ಕೆಯ ತಪ್ಪು. 2⁶⁴ಕ್ಕೆ ಶೇಷ 1 ಎಂದು ಮೇಲೆ ನೋಡಿದೆವಲ್ಲ, ಪರೀಕ್ಷೆಯ ಘಾತ 2³² ಎಂಬುದು 64ರ ಗುಣಕವೇ. ಹಾಗಾಗಿ ಇಲ್ಲಿ ಉತ್ತರ 1 ಬಂದೇ ಬರುತ್ತದೆ. ಈ ಜಾತಿಯ ಯಾವ ಸಂಖ್ಯೆಗೂ ಆಧಾರ 2 ಕೆಲಸಕ್ಕೆ ಬಾರದು. 3 ಇಡಿ. 3ನ್ನು 32 ಸಲ ವರ್ಗ ಮಾಡಿ, ಪ್ರತಿ ಸಲವೂ 4294967297ರಿಂದ ಭಾಗಿಸಿ ಶೇಷವನ್ನಷ್ಟೇ ಮುಂದಕ್ಕೆ ಒಯ್ಯಿರಿ. ಕೊನೆಗೆ 3029026160 ಬರಬೇಕು. ಅವಿಭಾಜ್ಯವಾಗಿದ್ದರೆ 1 ಬರುತ್ತಿತ್ತು.

ಈ ಪರೀಕ್ಷೆ ಸಂಯುಕ್ತ (ಅವಿಭಾಜ್ಯವಲ್ಲ) ಎಂದಷ್ಟೇ ಹೇಳುತ್ತದೆ, ಅಪವರ್ತನ ಕೊಡುವುದಿಲ್ಲ. 2ಕ್ಕೆ 1048576 ಘಾತ ಹಾಕಿ 1 ಕೂಡಿಸಿದ ಸಂಖ್ಯೆಯದು ಇದೇ ಸ್ಥಿತಿ: ಸಂಯುಕ್ತವೆಂದು ಖಚಿತವಾಗಿದೆ, ಒಂದು ಅಪವರ್ತನವೂ ಸಿಕ್ಕಿಲ್ಲ.