ಇಳಿಯುವ ಫಂಕ್ಷನ್ನಿಗೆ ಧನಾತ್ಮಕ ಸರಾಸರಿ ದರ ಬರುವುದು ಹೇಗೆ?

ಎಫ್(ಎಕ್ಸ್) = 1/(ಎಕ್ಸ್ − 2) ಎಂಬ ಫಂಕ್ಷನ್ನಿನ ನಕ್ಷೆ ಎಲ್ಲೆಡೆ ಇಳಿಯುತ್ತಲೇ ಇರುವಾಗ 1ರಿಂದ 3ರವರೆಗಿನ ಸರಾಸರಿ ಬದಲಾವಣೆಯ ದರ +1 ಎಂದು ಬಂದದ್ದೇಕೆ, ಲೆಕ್ಕದಲ್ಲಿ ಎಲ್ಲಿ ತಪ್ಪಾಗಿದೆ ಎಂದು ಕೇಳಿದ್ದೀರಿ. ಲೆಕ್ಕ ಸರಿಯಾಗಿಯೇ ಇದೆ. ಎಕ್ಸ್ 1 ಆದಾಗ ಫಂಕ್ಷನ್ನಿನ ಬೆಲೆ −1, 3 ಆದಾಗ 1. ಬೆಲೆಗಳ ವ್ಯತ್ಯಾಸವಾದ 2ನ್ನು ಎಕ್ಸ್‌ನ ವ್ಯತ್ಯಾಸವಾದ 2ರಿಂದ ಭಾಗಿಸಿದರೆ 1 ಬರಲೇಬೇಕು. ನೀವು ಡೊಮೇನನ್ನು (ಎಕ್ಸ್‌ಗೆ ಕೊಡಬಹುದಾದ, ಫಂಕ್ಷನ್ನಿಗೆ ಬೆಲೆ ಇರುವ ಸಂಖ್ಯೆಗಳ ಗುಂಪನ್ನು) ನಿಮ್ಮ ಲೆಕ್ಕದ ಮೊದಲ ಸಾಲಿನಲ್ಲಿ ಬರೆದಿದ್ದರೂ ಮುಂದೆ ಅದನ್ನು ಬಳಸಿಕೊಂಡಿಲ್ಲ. ಗೊಂದಲ ಹುಟ್ಟಿರುವುದು ಅಲ್ಲಿ.

ಛೇದ ಸೊನ್ನೆಯಾಗಬಾರದಾದ್ದರಿಂದ ಈ ಫಂಕ್ಷನ್ನಿನ ಡೊಮೇನ್ 2ನ್ನು ಬಿಟ್ಟು ಉಳಿದ ಎಲ್ಲ ವಾಸ್ತವ ಸಂಖ್ಯೆಗಳು. ಹೀಗೆ ಬರೆದಾಗ ಒಂದೇ ಒಂದು ಸಂಖ್ಯೆ ಕಳೆದುಹೋದಂತೆ ಕಾಣುತ್ತದೆ, ಆದರೆ ವಾಸ್ತವದಲ್ಲಿ ಸಂಖ್ಯಾರೇಖೆ ಎರಡು ತುಂಡಾಗಿದೆ. 2ಕ್ಕಿಂತ ಕಡಿಮೆ ಇರುವ ಭಾಗದಲ್ಲಿ ಫಂಕ್ಷನ್ ಇಳಿಯುತ್ತದೆ, ಹೆಚ್ಚು ಇರುವ ಭಾಗದಲ್ಲಿಯೂ ಇಳಿಯುತ್ತದೆ. ಎರಡನ್ನೂ ಒಟ್ಟುಗೂಡಿಸಿ "ಎಲ್ಲೆಡೆ ಇಳಿಯುತ್ತದೆ" ಎಂದರೆ ಅದು ಸರಿಯಾಗುವುದಿಲ್ಲ, ಏಕೆಂದರೆ ಎಡ ತುಂಡಿನ ಬೆಲೆಗಳೆಲ್ಲ ಋಣಾತ್ಮಕ, ಬಲ ತುಂಡಿನವೆಲ್ಲ ಧನಾತ್ಮಕ.

ಇದನ್ನು ಬೀಜಗಣಿತದಲ್ಲಿಯೇ ನೋಡಬಹುದು. ಡೊಮೇನಿನಲ್ಲಿ ಎ ಮತ್ತು ಬಿ ಎಂಬ ಎರಡು ಬೇರೆ ಬೇರೆ ಸಂಖ್ಯೆಗಳನ್ನು ತೆಗೆದುಕೊಂಡು ಸರಾಸರಿ ದರದ ಸೂತ್ರಕ್ಕೆ ಹಾಕಿ ಸಂಕ್ಷೇಪಿಸಿದರೆ −1/((ಎ − 2)(ಬಿ − 2)) ಉಳಿಯುತ್ತದೆ. ಎರಡೂ ಸಂಖ್ಯೆಗಳು 2ರ ಒಂದೇ ಬದಿಯಲ್ಲಿದ್ದರೆ ಛೇದದ ಗುಣಲಬ್ಧ ಧನಾತ್ಮಕವಾಗಿ ದರ ಋಣಾತ್ಮಕವಾಗುತ್ತದೆ: 3ರಿಂದ 6ರವರೆಗೆ −1/4, 0ಯಿಂದ 1ರವರೆಗೆ −1/2. ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ಇದ್ದರೆ ಚಿಹ್ನೆ ತಿರುಗುತ್ತದೆ. ನಿಮಗೆ ಸಿಕ್ಕ +1 ಅದೇ.

ಹಾಗಾದರೆ ಆ 1ಕ್ಕೆ ಅರ್ಥವೇನು? ನಕ್ಷೆಯ ಮೇಲಿನ ಎರಡು ಬಿಂದುಗಳನ್ನು ಸೇರಿಸುವ ಛೇದಕ ರೇಖೆಯ ಇಳಿಜಾರು ಅದು, ಅಷ್ಟೇ. ಸೂತ್ರವು ಎರಡು ತುದಿಗಳನ್ನು ಮಾತ್ರ ನೋಡುತ್ತದೆ. ನಡುವೆ ಏನಿದೆ, ಏನಿಲ್ಲ ಎಂಬುದು ಅದಕ್ಕೆ ಬೇಕಾಗಿಲ್ಲ. ಆ ಸಂಖ್ಯೆ ನಡುವಿನ ನಡೆಯ ಬಗ್ಗೆಯೂ ಏನಾದರೂ ಹೇಳಬೇಕಾದರೆ ಅಂತರಾಳ, ಅಂದರೆ ಎರಡು ತುದಿಗಳ ನಡುವಿನ ಭಾಗ, ಪೂರ್ತಿಯಾಗಿ ಡೊಮೇನಿನೊಳಗೆ ಇರಬೇಕು. ಲಗ್ರಾಂಜನ ಸರಾಸರಿ ಮೌಲ್ಯ ಪ್ರಮೇಯವು ಅದಕ್ಕಿಂತಲೂ ಹೆಚ್ಚಿನದನ್ನು ಕೇಳುತ್ತದೆ: ಫಂಕ್ಷನ್ ತುದಿಗಳೂ ಸೇರಿದಂತೆ ಅಂತರಾಳದುದ್ದಕ್ಕೂ ಅವಿಚ್ಛಿನ್ನವಾಗಿರಬೇಕು (ಎಲ್ಲಿಯೂ ತುಂಡಾಗಬಾರದು), ಒಳಗೆ ಎಲ್ಲ ಬಿಂದುಗಳಲ್ಲಿಯೂ ಅವಕಲನ (ಆ ಬಿಂದುವಿನಲ್ಲಿ ಬದಲಾವಣೆಯ ದರವನ್ನು ಕಂಡುಹಿಡಿಯುವುದು) ಸಾಧ್ಯವಾಗಬೇಕು. ಹಾಗಿದ್ದಾಗ ನಡುವೆ ಎಲ್ಲಾದರೂ ಒಂದು ಸ್ಪರ್ಶಕದ (ನಕ್ಷೆಯನ್ನು ಒಂದು ಬಿಂದುವಿನಲ್ಲಿ ಮುಟ್ಟಿ ಅಲ್ಲಿನ ದಿಕ್ಕಿನಲ್ಲೇ ಸಾಗುವ ರೇಖೆಯ) ಇಳಿಜಾರು ಸರಾಸರಿ ದರಕ್ಕೆ ಸಮನಾಗಿರುತ್ತದೆ. 1ರಿಂದ 3ರ ನಡುವೆ 2 ಬರುವುದರಿಂದ ಈ ಪ್ರಮೇಯ ಇಲ್ಲಿ ಅನ್ವಯಿಸುವುದಿಲ್ಲ: ನಿಮ್ಮ ಫಂಕ್ಷನ್ನಿನ ಯಾವ ಸ್ಪರ್ಶಕಕ್ಕೂ ಇಳಿಜಾರು 1 ಇಲ್ಲ, ಎಲ್ಲವೂ ಋಣಾತ್ಮಕವೇ.

ಆದರೆ ಡೊಮೇನಿನಲ್ಲಿ ಬಿರುಕಿದ್ದ ಮಾತ್ರಕ್ಕೆ ಉತ್ತರ ದಾರಿ ತಪ್ಪಿಸುತ್ತದೆ ಎಂದು ತಿಳಿಯಬೇಡಿ. (ಎಕ್ಸ್² − 4)/(ಎಕ್ಸ್ − 2) ಎಂಬುದು ಸಂಕ್ಷೇಪಿಸಿದ ಮೇಲೆ ಎಕ್ಸ್ + 2 ಆಗುತ್ತದೆ, ಆದರೂ 2 ಅದರ ಡೊಮೇನಿಗೆ ಸೇರುವುದಿಲ್ಲ (ಸಂಕ್ಷೇಪಿಸಿದ ಬಳಿಕ ಡೊಮೇನ್ ಬರೆಯುವ ಅಭ್ಯಾಸವನ್ನು ದಯವಿಟ್ಟು ಬಿಡಿ). ಇಲ್ಲಿ 1ರಿಂದ 3ರವರೆಗಿನ ದರವೂ 1, ನಕ್ಷೆ ಏರುವುದೂ ಅದೇ ದರದಲ್ಲಿ. ಕಾಣೆಯಾದದ್ದು ಒಂದು ಬಿಂದು ಮಾತ್ರ.

ಡೊಮೇನಿನ ತುದಿಯೂ ಗಮನಕ್ಕೆ ಅರ್ಹ. √(ಎಕ್ಸ್ − 2)ರ ಡೊಮೇನ್ 2 ಮತ್ತು ಅದಕ್ಕಿಂತ ಹೆಚ್ಚಿನ ಸಂಖ್ಯೆಗಳು. 2ರಿಂದ 6ರವರೆಗೆ ಸರಾಸರಿ ದರ 1/2, 2ರಿಂದ 2.01ರವರೆಗೆ 10, 2.0001ರವರೆಗೆ 100. ತುದಿಯಲ್ಲಿ ಫಂಕ್ಷನ್ನಿಗೆ ಸೊನ್ನೆ ಎಂಬ ಬೆಲೆ ಇದ್ದರೂ ಅಲ್ಲಿಂದ ಅಳೆದ ದರ ಮಿತಿಯಿಲ್ಲದೆ ಬೆಳೆಯುತ್ತದೆ, ಮತ್ತು 1ರಿಂದ 6ರವರೆಗಿನ ದರವನ್ನು ಯಾರಾದರೂ ಕೇಳಿದರೆ ವಾಸ್ತವ ಸಂಖ್ಯೆಗಳಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ.