ಗುಡ್ಡ ಹತ್ತಿದರೆ ಮಾತ್ರ ನೆಟ್‌ವರ್ಕ್: ಅಂಥ ಶಾಲೆಗೂ ಆಗುವ ಉಚಿತ ಪಾಠೋಪಕರಣ

ಈ ಸಲ ನಮ್ಮ ಉತ್ತರ ಕನ್ನಡದ ಶಿಕ್ಷಕರಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಶಾಲೆಯ ಟಿವಿ, ಮೊಬೈಲು, ಲ್ಯಾಪ್‌ಟಾಪುಗಳದ್ದೇ. ಘಟ್ಟದ ಮೇಲಿನವರಿಗೆ ನೆಟ್‌ವರ್ಕಿನ ಗೋಳು. ಕರಾವಳಿಯವರಿಗೆ ನೆಟ್‌ವರ್ಕ್ ಇದೆ, ಅದರಿಂದ ಏನು ಮಾಡಬೇಕು ಎಂಬ ಗೋಳು. ಒಂದೇ ತರಹದವನ್ನು ಒಟ್ಟು ಮಾಡಿ ಉತ್ತರಿಸಿದ್ದೇನೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಇಲ್ಲ.

ಪ್ರಶ್ನೆ: ನಮ್ಮದು ಶಿರಸಿ ತಾಲೂಕಿನ ಹಿರಿಯ ಪ್ರಾಥಮಿಕ ಶಾಲೆ. ಹಳೆ ವಿದ್ಯಾರ್ಥಿಗಳು ಟಿವಿ ಕೊಟ್ಟಿದ್ದಾರೆ, ಒಂದು ಹಳೆ ಲ್ಯಾಪ್‌ಟಾಪ್ ಇದೆ. ನೆಟ್‌ವರ್ಕ್ ಬೇಕೆಂದರೆ ಹಿಂದಿನ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೇ ಗೊತ್ತು. ತರಬೇತಿಯಲ್ಲಿ ತೋರಿಸಿದ್ದೆಲ್ಲ ಇಂಟರ್ನೆಟ್ ಇದ್ದರೆ ಮಾತ್ರ ನಡೆಯುವಂಥದ್ದು. ನಮಗೇನು ದಾರಿ?
— ವಿಜ್ಞಾನ ಶಿಕ್ಷಕಿ

ಅಕ್ಕೋರೇ, ಶಾಲೆಯಲ್ಲಿ ನೆಟ್‌ವರ್ಕ್ ಇಲ್ಲದಿದ್ದರೂ ಪರವಾಗಿಲ್ಲ. ವಾರಕ್ಕೊಮ್ಮೆ ಪೇಟೆಗೆ ಹೋದಾಗಲೋ ಮನೆಯಲ್ಲೋ ಇಳಿಸಿಕೊಂಡು ತಂದರೆ ಸಾಕು. ಒಮ್ಮೆ ಇಳಿಸಿಕೊಂಡರೆ ವರ್ಷಪೂರ್ತಿ ನಡೆಯುವ ಉಚಿತ ಸಾಮಾನು ಬೇಕಾದಷ್ಟಿದೆ.

ವಿಜ್ಞಾನಕ್ಕೆ ನಾನು ಮೊದಲು ಹೇಳುವುದು ಫೆಟ್ (PhET) ಎಂಬ ವೆಬ್‌ಸೈಟ್. ನೊಬೆಲ್ ಪಡೆದ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ವಿದ್ಯುತ್ ಮಂಡಲ, ಭಿನ್ನರಾಶಿ, ಪರಮಾಣು, ಘನ-ದ್ರವ-ಅನಿಲ ಹೀಗೆ ಒಂದೊಂದಕ್ಕೂ ಒಂದೊಂದು ಪ್ರಯೋಗ. ಪರದೆಯ ಮೇಲೇ ಕೈಯಾಡಿಸಿ ಮಾಡಿ ನೋಡಬಹುದು. ಕನ್ನಡಕ್ಕೆ ಬಂದಿರುವವೂ ಇವೆ. ವೆಬ್‌ಸೈಟಿನಲ್ಲಿ ಪ್ರಯೋಗದ ಚಿತ್ರದ ಹತ್ತಿರ ಡೌನ್‌ಲೋಡ್ ಗುಂಡಿ ಇರುತ್ತದೆ. ಒತ್ತಿದರೆ ಒಂದೇ ಒಂದು ಫೈಲು ಬರುತ್ತದೆ. ಅದನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಂದು ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ತೆರೆಯಿರಿ, ನೆಟ್ ಬೇಡ. ಮೊಬೈಲಿನ ಆ್ಯಪಿಗೆ ದುಡ್ಡು ಕೇಳುತ್ತದೆ, ವೆಬ್‌ಸೈಟಿನಲ್ಲಿ ಪೂರ್ತಿ ಉಚಿತ. ಆ್ಯಪ್ ನೋಡಿ ಹೆದರಿ ಬಿಟ್ಟವರು ಇದ್ದಾರೆ, ಅದಕ್ಕೆ ಹೇಳಿದೆ.

ಇನ್ನೊಂದು ಸಣ್ಣ ವಿಷಯ. ಈ ಫೈಲಿರುವ ಪೆನ್‌ಡ್ರೈವನ್ನು ನೇರ ಟಿವಿಗೆ ಸಿಕ್ಕಿಸಿದರೆ ಏನೂ ಕಾಣುವುದಿಲ್ಲ. ಪೆನ್‌ಡ್ರೈವಿನಿಂದ ಟಿವಿ ತೋರಿಸುವುದು ಸಾಮಾನ್ಯವಾಗಿ ಫೋಟೋ, ವಿಡಿಯೋ ಅಷ್ಟೆ. ಲ್ಯಾಪ್‌ಟಾಪಿನಿಂದ ಟಿವಿಗೆ ಎಚ್‌ಡಿಎಂಐ ಕೇಬಲ್ ಎಳೆಯಬೇಕು. ಸ್ವಲ್ಪ ಉದ್ದದ್ದೇ ತನ್ನಿ, ಇಲ್ಲದಿದ್ದರೆ ಇಡೀ ತಾಸು ನೀವು ಟಿವಿಯ ಬುಡದಲ್ಲೇ ನಿಂತಿರಬೇಕಾಗುತ್ತದೆ.

ಈಗ ಮುಖ್ಯ ಮಾತು. ಸರ್ಕ್ಯೂಟಿನ ಪ್ರಯೋಗ ತೆರೆದು ಸುಮ್ನೆ ತೋರಿಸಬೇಡಿ. ಒಂದು ಸೆಲ್ಲಿಗೆ ಒಂದೇ ಸಾಲಿನಲ್ಲಿ ಒಂದೇ ತರಹದ ಎರಡು ಬಲ್ಬು ಜೋಡಿಸಿ, ಸ್ವಿಚ್ ಹಾಕುವ ಮೊದಲು ಕೇಳಿ: ಯಾವ ಬಲ್ಬು ಜಾಸ್ತಿ ಬೆಳಗುತ್ತದೆ? ತುಂಬಾ ಮಕ್ಕಳು ಸೆಲ್ಲಿಗೆ ಹತ್ತಿರದ್ದು ಎನ್ನುತ್ತಾರೆ. ಮೊದಲ ಬಲ್ಬು ಕರೆಂಟನ್ನು ತಿಂದು, ಮಿಕ್ಕಿದ್ದನ್ನು ಎರಡನೆಯದಕ್ಕೆ ಬಿಡುತ್ತದೆ ಅಂತ ಅವರ ಲೆಕ್ಕ. ದೊಡ್ಡವರಲ್ಲೂ ಈ ಲೆಕ್ಕದವರು ಕಡಿಮೆಯಿಲ್ಲ. ಪ್ರತಿಯೊಬ್ಬರೂ ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಉತ್ತರ ಬರೆದ ಮೇಲೆಯೇ ಸ್ವಿಚ್ ಹಾಕಿ. ಎರಡೂ ಒಂದೇ ಸಮ ಬೆಳಗುತ್ತವೆ. ಎಲೆಕ್ಟ್ರಾನುಗಳು ಇಡೀ ಸುತ್ತಿನಲ್ಲಿ ಒಂದೇ ವೇಗದಲ್ಲಿ ಸಾಗುವುದು ಕಾಣುತ್ತದೆ. ತಾನು ಬರೆದದ್ದು ತಪ್ಪಾಯಿತಲ್ಲ ಎಂದು ಮಗು ಹುಬ್ಬು ಗಂಟಿಕ್ಕುವ ಆ ಗಳಿಗೆಗಾಗಿಯೇ ಇಷ್ಟೆಲ್ಲ ಮಾಡುವುದು. ಮೊದಲೇ ತೋರಿಸಿಬಿಟ್ಟರೆ ಎಲ್ಲರೂ ‘ನಂಗೊತ್ತಿತ್ತು’ ಎನ್ನುತ್ತಾರೆ.

ಆಮೇಲೆ ಚೌತಿಗೆ ಮಂಟಪಕ್ಕೆ ಕಟ್ಟುವ ಸೀರಿಯಲ್ ಸೆಟ್ ನೆನಪಿಸಿ. ಒಂದು ಬಲ್ಬು ಹೋದರೆ ಒಂದು ತುಂಡು ಪೂರ್ತಿ ಆರುತ್ತದೆ. ಮನೆಯಲ್ಲಿ ಅಡುಗೆಮನೆಯ ಬಲ್ಬು ಹೋದರೆ ಜಗುಲಿಯದು ಯಾಕೆ ಆರುವುದಿಲ್ಲ? ಇದಕ್ಕೂ ಮೊದಲು ಉತ್ತರ ಬರೆಯಲಿ, ಆಮೇಲೆ ಪರದೆಯ ಮೇಲೆ ಅವರೇ ಜೋಡಿಸಿ ನೋಡಲಿ. ಟಾರ್ಚಿನ ಬಲ್ಬು, ಸೆಲ್ಲು, ತಂತಿ ಶಾಲೆಯಲ್ಲಿದ್ದರೆ ನಿಜವಾದ ಪ್ರಯೋಗವೇ ಮೊದಲು. ಕಣ್ಣಿಗೆ ಕಾಣದ ಎಲೆಕ್ಟ್ರಾನನ್ನು ತೋರಿಸುವುದಕ್ಕೆ ಮಾತ್ರ ಪರದೆ.

ಇನ್ನು ಎರಡು ಹೆಸರು ಬರೆದಿಟ್ಟುಕೊಳ್ಳಿ. ಕಿವಿಕ್ಸ್ ಎಂಬ ತಂತ್ರಾಂಶದಲ್ಲಿ ಇಡೀ ಕನ್ನಡ ವಿಕಿಪೀಡಿಯವನ್ನು ಇಳಿಸಿಕೊಂಡು ನೆಟ್ ಇಲ್ಲದೆ ಓದಬಹುದು. ಲೇಖನಗಳ ಗುಣಮಟ್ಟ ಒಂದೇ ಸಮ ಇಲ್ಲ, ಮಕ್ಕಳಿಗೆ ಕೊಡುವ ಮೊದಲು ಒಮ್ಮೆ ಓದಿ. ಇನ್ನೊಂದು 2017ರಲ್ಲಿ ಬಂದ ಕೇಂದ್ರ ಸರ್ಕಾರದ ದೀಕ್ಷಾ ಆ್ಯಪ್, ನಿಮಗೆ ಹೊಸದೇನಲ್ಲ. ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ಮನೆಯಲ್ಲೇ ಸ್ಕ್ಯಾನ್ ಮಾಡಿ ಪಾಠವನ್ನು ಇಳಿಸಿಟ್ಟುಕೊಂಡರೆ ಶಾಲೆಯಲ್ಲಿ ನೆಟ್ ಬೇಡ. ಅದರಲ್ಲಿರುವ ವಿಡಿಯೋಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಪಾಠವನ್ನೇ ಗಟ್ಟಿಯಾಗಿ ಓದಿದ ಹಾಗಿವೆ. ಆರಿಸಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಲ್ಯಾಪ್‌ಟಾಪ್ ತೀರಾ ಆಮೆಗತಿಯಾಗಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿಸಿ, ಅದೂ ಉಚಿತ. ಕೇರಳದ ಸರ್ಕಾರಿ ಶಾಲೆಗಳು ವರ್ಷಗಳಿಂದ ಅದರಲ್ಲೇ ನಡೆಯುತ್ತಿವೆ. ಕರೆಂಟು ಹೋದಾಗ ಟಿವಿ ಬಿಡಿ. ಬ್ಯಾಟರಿ ಇರುವಷ್ಟು ಹೊತ್ತು ಲ್ಯಾಪ್‌ಟಾಪಿನ ಸುತ್ತ ಐದಾರು ಮಕ್ಕಳ ಗುಂಪು ಸರದಿಯಲ್ಲಿ ಕೂರಲಿ. ನಿಜ ಹೇಳಬೇಕೆಂದರೆ ಟಿವಿಗಿಂತ ಇದೇ ಒಳ್ಳೆಯದು, ಮೌಸು ಮಕ್ಕಳ ಕೈಗೆ ಬರುತ್ತದೆ.

ಪ್ರಶ್ನೆ: ನಾನು ಕುಮಟಾ ಕಡೆಯ ಪ್ರೌಢಶಾಲೆಯಲ್ಲಿ ಗಣಿತ ಮಾಸ್ತರ. ಜಿಯೋಜಿಬ್ರಾ ತಂತ್ರಾಂಶ ಬಳಸಿ ರೇಖಾಗಣಿತ ತೋರಿಸುತ್ತೇನೆ. ಮಕ್ಕಳಿಗೆ ಬಹಳ ಖುಷಿ. ಪರೀಕ್ಷೆಯಲ್ಲಿ ಮಾತ್ರ ಪ್ರಮೇಯ ಸಾಧಿಸಿ ಎಂದರೆ ಖಾಲಿ ಬಿಡುತ್ತಾರೆ. ಸಮಯ ಹಾಳಾಯಿತೇನೋ ಅನಿಸುತ್ತಿದೆ.

ಮಾಸ್ತರೇ, ಹಾಳಾಗಿಲ್ಲ, ಆದರೆ ಅರ್ಧದಾರಿಯಲ್ಲಿ ನಿಂತಿದೆ. 2001ರಲ್ಲಿ ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ ಜಿಯೋಜಿಬ್ರಾ ಮಾಡಿದಾಗಿನಿಂದ ಅದರ ಜೀವಾಳ ಒಂದೇ, ಬಿಂದುವನ್ನು ಹಿಡಿದು ಎಳೆಯುವುದು. ಹಾಗೆ ಎಳೆದರೆ ‘ಹೀಗಾಗುತ್ತದೆ’ ಎಂಬುದು ಕಾಣುತ್ತದೆ. ‘ಯಾಕೆ ಹೀಗಾಗುತ್ತದೆ’ ಎಂಬುದು ಅದರಷ್ಟಕ್ಕೆ ಕಾಣುವುದಿಲ್ಲ. ಪರೀಕ್ಷೆ ಕೇಳುವುದು ಆ ಯಾಕೆಯನ್ನು.

ಅರ್ಧವೃತ್ತದೊಳಗಿನ ಕೋನವನ್ನೇ ತೆಗೆದುಕೊಳ್ಳಿ. ಎಬಿ ವ್ಯಾಸ, ಸಿ ವೃತ್ತದ ಮೇಲಿನ ಬಿಂದು. ಸಿ ಯನ್ನು ಬಿ ಯ ಹತ್ತಿರ ತಂದರೆ ಸಿ ಯಲ್ಲಿರುವ ಕೋನ ಸಣ್ಣದಾಗುತ್ತದೋ ದೊಡ್ಡದಾಗುತ್ತದೋ ಎಂದು ಕೇಳಿ. ತರಗತಿ ಎರಡು ಪಕ್ಷವಾಗುತ್ತದೆ. ಈಗ ಎಳೆಯಿರಿ. 90 ಡಿಗ್ರಿ ಅಲುಗುವುದೇ ಇಲ್ಲ. ಇಲ್ಲಿ ಪರದೆ ಆರಿಸಿಬಿಡಿ. ಕೇಂದ್ರ ಓ ಇಂದ ಸಿ ಗೆ ಗೆರೆ ಎಳೆಯಲು ಹೇಳಿ, ಪಟ್ಟಿಯಲ್ಲಿ, ಪೆನ್ಸಿಲ್ಲಿನಿಂದ. ಓಎ, ಓಬಿ, ಓಸಿ ಮೂರೂ ತ್ರಿಜ್ಯ. ಅಂದರೆ ಎರಡು ಸಮದ್ವಿಬಾಹು ತ್ರಿಭುಜ ಸಿಕ್ಕವು. ಪಾದಕೋನಗಳನ್ನು ಎಕ್ಸ್, ವೈ ಎಂದುಕೊಂಡರೆ ದೊಡ್ಡ ತ್ರಿಭುಜದ ಕೋನಗಳ ಮೊತ್ತ 2 ಎಕ್ಸ್ + 2 ವೈ = 180. ಎಕ್ಸ್ + ವೈ = 90, ಅದೇ ಸಿ ಯಲ್ಲಿರುವ ಕೋನ. ಕೋನ ಯಾಕೆ ಅಲುಗಲಿಲ್ಲ ಎಂಬ ಹಟ ಆಗಲೇ ಹತ್ತಿರುವುದರಿಂದ ಈ ನಾಲ್ಕು ಸಾಲು ಬಾಯಿಪಾಠ ಅನಿಸುವುದಿಲ್ಲ.

ಪರದೆ ಆರಿಸುವ ಧೈರ್ಯ ನಮ್ಮಲ್ಲಿ ಕಡಿಮೆ. ಹಾಕಿದ ಮೇಲೆ ತಾಸು ಮುಗಿಯುವವರೆಗೆ ಉರಿಯಲೇಬೇಕು ಅಂತ ಯಾರೂ ಹೇಳಿಲ್ಲ, ಅಲ್ವಾ? ಹತ್ತು ನಿಮಿಷ ಸಾಕು.

ಪ್ರಶ್ನೆ: ಕಾರವಾರದ ಹತ್ತಿರದ ಶಾಲೆ, ನಾಲ್ಕನೇ ತರಗತಿ. ಹೆಚ್ಚಿನ ಮಕ್ಕಳ ಮನೆಮಾತು ಕೊಂಕಣಿ. ಕನ್ನಡ ಓದುವಾಗ ತಡವರಿಸುತ್ತಾರೆ. ನನ್ನ ಹತ್ತಿರ ಇರುವುದು ನನ್ನದೇ ಮೊಬೈಲ್.

ಮೊಬೈಲೇ ಸಾಕು, ಅಕ್ಕೋರೇ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್ ನೋಡಿ. ಕನ್ನಡದಲ್ಲಿ ಬೇಕಾದಷ್ಟು ಚಿತ್ರಕಥೆಗಳಿವೆ, ಓದುವ ಶಕ್ತಿಗೆ ತಕ್ಕಂತೆ ನಾಲ್ಕು ಹಂತ ಮಾಡಿದ್ದಾರೆ. ನಾಲ್ಕನೇ ತರಗತಿ ಎಂದು ನಾಲ್ಕನೇ ಹಂತಕ್ಕೆ ಹಾರಬೇಡಿ. ಒಂದರಿಂದಲೇ ಶುರು ಮಾಡಿ, ಮಕ್ಕಳಿಗೆ ಅವಮಾನ ಏನಿಲ್ಲ, ಚಿತ್ರ ಚೆನ್ನಾಗಿವೆ. ಪಿಡಿಎಫ್ ಇಳಿಸಿ ಪ್ರಿಂಟ್ ಹಾಕಿಸಿಕೊಳ್ಳಬಹುದು. ಅನುವಾದ ಮಾಡುವುದಕ್ಕೂ ಪರವಾನಗಿ ಮೊದಲೇ ಕೊಟ್ಟಿದ್ದಾರೆ, ಮೂಲದವರ ಹೆಸರು ಹಾಕಿದರೆ ಆಯಿತು.

ನನಗೆ ಹೆಚ್ಚು ಭರವಸೆ ಇರುವುದು ಮೊಬೈಲಿನ ವಾಯ್ಸ್ ರೆಕಾರ್ಡರ್ ಮೇಲೆ. ಎಲ್ಲ ಫೋನಿನಲ್ಲೂ ಇರುವ, ಯಾರೂ ಲೆಕ್ಕಕ್ಕಿಡದ ಆ್ಯಪ್ ಅದು. ಮಗು ಒಂದು ಪುಟ ಓದಲಿ, ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸಿ. ನೀವು ತಪ್ಪು ಹೇಳುವ ಮೊದಲೇ ‘ಅಕ್ಕೋರೇ, ಇನ್ನೊಂದು ಸಲ ಓದ್ತೆ’ ಎನ್ನುತ್ತದೆ. ತಿಂಗಳ ಮೊದಲಿನ ರೆಕಾರ್ಡಿಂಗನ್ನೂ ಈಗಿನದನ್ನೂ ಒಟ್ಟಿಗೆ ಕೇಳಿಸಿದರೆ ಆದ ಬದಲಾವಣೆ ಅದಕ್ಕೇ ಗೊತ್ತಾಗುತ್ತದೆ.

ಕೊಂಕಣಿಯನ್ನು ಅಡ್ಡಿ ಅಂದುಕೊಳ್ಳಬೇಡಿ. ಮೀನು ಹಿಡಿಯಲು ಹೋದ ದಿನದ ಸುದ್ದಿಯನ್ನೋ ಅಜ್ಜಿ ಹೇಳಿದ ಕಥೆಯನ್ನೋ ಮಗು ಕೊಂಕಣಿಯಲ್ಲೇ ಹೇಳಲಿ, ರೆಕಾರ್ಡ್ ಆಗಲಿ. ಎಲ್ಲರೂ ಸೇರಿ ಅದನ್ನು ಕನ್ನಡದಲ್ಲಿ ಐದಾರು ವಾಕ್ಯ ಮಾಡಿ ಬೋರ್ಡಿನ ಮೇಲೆ ಬರೆಯಿರಿ. ತಾನೇ ಹೇಳಿದ ಮಾತನ್ನು ಓದುವಾಗ ತಡವರಿಕೆ ಅರ್ಧ ಕಡಿಮೆ, ಯಾಕೆಂದರೆ ಮುಂದೆ ಏನು ಬರುತ್ತದೆ ಎಂದು ಅದಕ್ಕೆ ಗೊತ್ತಿರುತ್ತದೆ.

ಪ್ರಶ್ನೆ: ಎಐ ಬಳಸಿ ಪ್ರಶ್ನೆಪತ್ರಿಕೆ ಮಾಡಬಹುದೇ? ಮಕ್ಕಳ ಅಂಕಪಟ್ಟಿ ಹಾಕಿದರೆ ಯಾರು ಎಲ್ಲಿ ಹಿಂದಿದ್ದಾರೆ ಅಂತಲೂ ಹೇಳುತ್ತದಂತೆ.
— ಅಂಕೋಲಾ

ಅಂಕಪಟ್ಟಿ ಹಾಕಬೇಡಿ. ಹೆಸರು, ಫೋಟೋ ಯಾವುದೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಲೆಕ್ಕದಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ವಿವರಕ್ಕೆ ಪಾಲಕರ ಒಪ್ಪಿಗೆ ಬೇಕು. ಕಾಯ್ದೆ ಪಕ್ಕಕ್ಕಿಡಿ, ನಮ್ಮ ಮಗುವಿನ ಅಂಕ ಎಲ್ಲೋ ಹೋಗಿ ಕೂತರೆ ನಮಗೇ ಸರಿ ಅನಿಸುತ್ತದೆಯೇ?

ಪ್ರಶ್ನೆ ಮಾಡಿಸಬಹುದು. ಆದರೆ ಉತ್ತರವನ್ನು ನೀವೇ ಬಿಡಿಸಿ ನೋಡಲೇಬೇಕು, ಸೊಗಸಾದ ವಾಕ್ಯದೊಳಗೆ ತಪ್ಪು ಲೆಕ್ಕ ಕೂತಿರುತ್ತದೆ. ನನ್ನ ಪ್ರಕಾರ ಅದರಿಂದ ಮಾಡಿಸಬೇಕಾದ ಕೆಲಸ ಬೇರೆ. ‘ಭಿನ್ನರಾಶಿ ಕೂಡುವಾಗ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನು ಕೊಡು’ ಎಂದು ಕೇಳಿ. 1/2 + 1/3 = 2/5 ಎಂಬಂಥವು ಬರುತ್ತವೆ. ಆ ತಪ್ಪುಗಳನ್ನೇ ಆಯ್ಕೆಗಳಾಗಿಟ್ಟು ಪ್ರಶ್ನೆ ಮಾಡಿ. ಆಗ ಮಗು ಯಾವ ಆಯ್ಕೆ ಹಿಡಿಯಿತು ಎಂಬುದರಿಂದಲೇ ಅದರ ತಲೆಯಲ್ಲಿ ಏನಿದೆ ಎಂದು ತಿಳಿಯುತ್ತದೆ. ಉತ್ತರ ಪಡೆಯಲು ಮಕ್ಕಳ ಕೈಗೆ ಮೊಬೈಲ್ ಬೇಡ. ಪ್ಲಿಕರ್ಸ್ ಎಂಬ ಆ್ಯಪಿನಲ್ಲಿ ಮಕ್ಕಳು ಎತ್ತಿ ಹಿಡಿದ ಕಾಗದದ ಕಾರ್ಡನ್ನು ನಿಮ್ಮ ಫೋನ್ ಓದುತ್ತದೆ. ಅದಕ್ಕೆ ನೆಟ್ ಬೇಕು, ಉಚಿತ ಆವೃತ್ತಿಗೆ ಮಿತಿಯೂ ಇದೆ. ನೆಟ್ ಇಲ್ಲದಿದ್ದರೆ ಒಂದರಿಂದ ನಾಲ್ಕು ಬೆರಳನ್ನು ಪಕ್ಕದವನಿಗೆ ಕಾಣದಂತೆ ಎದೆಯ ಹತ್ತಿರ ಹಿಡಿದರಾಯಿತು.

ಪ್ರಶ್ನೆ: ಯಲ್ಲಾಪುರದ ವಿಜ್ಞಾನ ಸಂಘದವರು ನಾವು. ಮಕ್ಕಳಿಗೆ ಆಕಾಶ ನೋಡುವ ಆಸೆ. ಜೂನ್‌ನಿಂದ ಮೋಡವೇ ಮೋಡ. ಸೂರ್ಯ ನೇರ ನೆತ್ತಿಗೆ ಬಂದು ನೆರಳು ಬುಡದಲ್ಲೇ ಅಡಗುವ ಶೂನ್ಯ ನೆರಳಿನ ದಿನವನ್ನೂ ಇಷ್ಟು ವರ್ಷದಲ್ಲಿ ನೋಡಲಾಗಿಲ್ಲ.

ನೋಡಲಾಗದ್ದಕ್ಕೆ ಕಾರಣ ಸರಳ. ನಮ್ಮ ಜಿಲ್ಲೆಯಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡು ಸಲ. ಒಂದು ಏಪ್ರಿಲ್ ಕೊನೆ, ಮೇ ಶುರುವಿನಲ್ಲಿ, ಆಗ ಶಾಲೆಗೆ ರಜೆ. ಇನ್ನೊಂದು ಆಗಸ್ಟ್ ಎರಡನೇ ವಾರದ ಹೊತ್ತಿಗೆ, ಆಗ ಮಳೆ.

ಪರದೆಯ ಮೇಲೆ ಆಕಾಶ ತೋರಿಸುವ ಸ್ಟೆಲ್ಲೇರಿಯಂ ತಂತ್ರಾಂಶ ಇಳಿಸಿಕೊಳ್ಳಿ. ಕಂಪ್ಯೂಟರಿಗೆ ಉಚಿತ, ನೆಟ್ ಇಲ್ಲದೆಯೂ ನಡೆಯುತ್ತದೆ. ಎಫ್6 ಒತ್ತಿ ಊರು ಹಾಕಿ, ಎಫ್5 ಒತ್ತಿ ದಿನಾಂಕ, ಸಮಯ ಹಾಕಿ. ಆಗಸ್ಟ್ ಎರಡನೇ ವಾರದ ಒಂದೊಂದೇ ದಿನ ಸರಿಸುತ್ತಾ ಸೂರ್ಯ ಯಾವತ್ತು 90 ಡಿಗ್ರಿ ಎತ್ತರಕ್ಕೆ ತೀರ ಹತ್ತಿರ ಬರುತ್ತಾನೆ ಎಂದು ಮಕ್ಕಳೇ ಹುಡುಕಲಿ. ಮೊದಲು ಸಮಯ ಕೇಳಿ. ಎಲ್ಲರೂ 12 ಗಂಟೆ ಎನ್ನುತ್ತಾರೆ. 12ಕ್ಕೆ ಇಟ್ಟು ನೋಡಿದರೆ ಸೂರ್ಯ ಇನ್ನೂ ಪೂರ್ವಕ್ಕೇ ಇರುತ್ತಾನೆ. ನೆತ್ತಿಗೆ ಬರುವಾಗ ಹನ್ನೆರಡೂವರೆ ದಾಟಿರುತ್ತದೆ.

ಯಾಕೆ ಎಂಬುದು ಸಮಾಜ ವಿಜ್ಞಾನದ ಪಾಠದಲ್ಲೇ ಇದೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಕಾರವಾರ ಇರುವುದು ಸುಮಾರು 74.1ರಲ್ಲಿ. ವ್ಯತ್ಯಾಸ 8.4 ಡಿಗ್ರಿ, ಡಿಗ್ರಿಗೆ 4 ನಿಮಿಷ. ಮಕ್ಕಳೇ ಗುಣಿಸಲಿ, 33 ನಿಮಿಷದ ಮೇಲೆ ಬರುತ್ತದೆ. ಯಲ್ಲಾಪುರ ಸ್ವಲ್ಪ ಪೂರ್ವಕ್ಕಿರುವುದರಿಂದ ನಿಮ್ಮಲ್ಲಿ ಒಂದೆರಡು ನಿಮಿಷ ಕಡಿಮೆ. ಸ್ಟೆಲ್ಲೇರಿಯಂ ತೋರಿಸುವ ಸಮಯಕ್ಕೂ ಈ ಲೆಕ್ಕಕ್ಕೂ ಆಗಸ್ಟಿನಲ್ಲಿ ಇನ್ನೊಂದು ಐದು ನಿಮಿಷದ ವ್ಯತ್ಯಾಸ ಉಳಿಯುತ್ತದೆ. ಭೂಮಿ ಸೂರ್ಯನ ಸುತ್ತ ಒಂದೇ ವೇಗದಲ್ಲಿ ಸುತ್ತುವುದಿಲ್ಲ, ಜೊತೆಗೆ ಅದರ ಅಕ್ಷ ಓರೆ ಇದೆ, ಅದಕ್ಕೇ ಹಾಗೆ. ಎಂಟನೇ ತರಗತಿಯವರಿಗೆ ಇಷ್ಟು ಹೇಳಿದರೆ ಸಾಕು. ಬಿಡದೆ ಕೇಳುವ ಒಬ್ಬಳಿದ್ದರೆ, ವರ್ಷದ 12 ತಿಂಗಳಿಗೂ ಸೂರ್ಯ ನೆತ್ತಿಯ ನೇರಕ್ಕೆ ಬರುವ ಸಮಯವನ್ನು ಸ್ಟೆಲ್ಲೇರಿಯಂನಿಂದ ತೆಗೆದು ಗ್ರಾಫ್ ಹಾಳೆಯ ಮೇಲೆ ಹಾಕಲು ಹೇಳಿ. ಗೆರೆ ಎಲ್ಲಿ ಏರಿತು, ಎಲ್ಲಿ ಇಳಿಯಿತು ಎಂದು ಅವಳೇ ಬಂದು ನಿಮಗೆ ಹೇಳಲಿ.