ಹವಾಮಾನ ಬದಲಾವಣೆ ಇಡೀ ಜಗತ್ತಿನ ಸಮಸ್ಯೆ, ರಾಜ್ಯ ಸರ್ಕಾರದಿಂದ ಏನಾದೀತು?

ಬಹಳಷ್ಟು ಆಗುತ್ತದೆ. ಅಂತರರಾಷ್ಟ್ರೀಯ ಒಪ್ಪಂದಗಳಿಗೆ ಸಹಿ ಹಾಕುವುದು ಕೇಂದ್ರ. ಆದರೆ ನಮ್ಮ ಸಂವಿಧಾನದಲ್ಲಿ ನೀರು, ಭೂಮಿ, ಕೃಷಿ ಮುಖ್ಯವಾಗಿ ರಾಜ್ಯದ ಪಾಲು. ಅರಣ್ಯವೂ 1976ರವರೆಗೆ ಹಾಗೇ ಇತ್ತು, ಈಗ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಇಬ್ಬರೂ ಕಾನೂನು ಮಾಡಬಹುದು. ಹಾಗಾಗಿ ಕೆರೆ ಉಳಿಸುವುದೂ, ಸೌರ ವಿದ್ಯುತ್ತಿಗೆ ಜಾಗ ಹೊಂದಿಸುವುದೂ ಬಹುಪಾಲು ರಾಜ್ಯದ ಕೈಯಲ್ಲೇ.

ತುಮಕೂರು ಜಿಲ್ಲೆಯ ಪಾವಗಡವನ್ನೇ ನೋಡಿ. ಬರ ಬೆನ್ನು ಬಿಡದ ತಾಲ್ಲೂಕು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,000 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಎದ್ದಿದೆ. ರೈತರ ಜಮೀನನ್ನು ಕೊಳ್ಳದೆ ಗುತ್ತಿಗೆಗೆ ಪಡೆದರು: ಒಡೆತನ ರೈತರಲ್ಲೇ ಉಳಿಯಿತು, ಮಳೆ ಕೈಕೊಟ್ಟರೂ ವರ್ಷಕ್ಕೊಮ್ಮೆ ಹಣ ಬರುತ್ತದೆ. ನನ್ನ ಮಟ್ಟಿಗೆ ಮೆಗಾವಾಟ್ ಲೆಕ್ಕಕ್ಕಿಂತ ಇದೇ ದೊಡ್ಡದು. ಆದರೆ ಜಮೀನಿಲ್ಲದ ಕೂಲಿಕಾರರಿಗೆ ಆ ಹಣವೂ ಇಲ್ಲ, ಆ ಹೊಲಗಳ ಕೆಲಸವೂ ಇಲ್ಲವಾಯಿತು.